ಶಿಕ್ಷಕರ ಇ-ಮೇಲ್ ಚರ್ಚಾ ಗುಂಪು

ಬೇರೆ ಬೇರೆ ಶಾಲೆಗಳಲ್ಲಿ ಒಂದೇ ವಿಷಯ ಬೋಧಿಸುವ ಶಿಕ್ಷಕರು ಒಂದು ಸಾಮಾನ್ಯ ಇ-ಮೇಲ್ ವಿಳಾಸದ ಮೂಲಕ ಪ್ರಶ್ನೆ, ಅನುಭವ, ಬೋಧನಾ ಸಾಮಗ್ರಿಗಳನ್ನು ಹಂಚಿಕೊಳ್ಳುವ ವ್ಯವಸ್ಥೆ. ಆ ವಿಳಾಸಕ್ಕೆ ಒಬ್ಬರು ಬರೆದದ್ದು ಸದಸ್ಯರೆಲ್ಲರಿಗೂ ತಲುಪುತ್ತದೆ, ಅದಕ್ಕೆ ಬಂದ ಉತ್ತರವೂ ಎಲ್ಲರಿಗೆ ಕಾಣುತ್ತದೆ. ಕರ್ನಾಟಕದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದ್ದು ಸರ್ಕಾರಿ ಪ್ರೌಢಶಾಲೆಗಳ ವಿಷಯ ಶಿಕ್ಷಕರ ವೇದಿಕೆ. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಲ್ಲಿ, ಶಿಕ್ಷಕರ ಬಾಯಲ್ಲಿ ಅದು ಎಸ್‌ಟಿಎಫ್.

ತಂತ್ರ ಹಳೆಯದು. ಸದಸ್ಯರನ್ನು ಸೇರಿಸುವ, ಬಿಡಿಸುವ ಕೆಲಸವನ್ನು ತಾನೇ ನೋಡಿಕೊಳ್ಳುವ ಲಿಸ್ಟ್‌ಸರ್ವ್ ತಂತ್ರಾಂಶವನ್ನು ಎರಿಕ್ ಥಾಮಸ್ 1986ರಲ್ಲಿ ಪ್ಯಾರಿಸ್‌ನಲ್ಲಿ ರಚಿಸಿದರು. ಮೊದಲು ಬಳಸಿದವರು ವಿಶ್ವವಿದ್ಯಾಲಯಗಳವರು. ಯಾಹೂ ಗ್ರೂಪ್ಸ್, ಗೂಗಲ್ ಗ್ರೂಪ್ಸ್ ಬಂದ ಮೇಲೆ ಸ್ವಂತ ಸರ್ವರ್ ಇಲ್ಲದವರಿಗೂ ಗುಂಪು ಕಟ್ಟುವುದು ಸುಲಭವಾಯಿತು.

ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಸಾಮಾನ್ಯವಾಗಿ ಗಣಿತಕ್ಕೆ ಒಬ್ಬರೇ ಮೇಷ್ಟ್ರು, ಸಮಾಜ ವಿಜ್ಞಾನಕ್ಕೆ ಒಬ್ಬರೇ ಟೀಚರ್. ಪಾಠದಲ್ಲೊಂದು ತೊಡಕು ಬಂದರೆ ಪಕ್ಕದ ಕುರ್ಚಿಯಲ್ಲಿ ಕೂತವರನ್ನು ಕೇಳುವ ಹಾಗಿಲ್ಲ, ಅವರು ಹಿಂದಿ ಪಂಡಿತರೋ ದೈಹಿಕ ಶಿಕ್ಷಕರೋ ಆಗಿರುತ್ತಾರೆ. ಇನ್ನು ಶಿಕ್ಷಣ ಇಲಾಖೆಯ ಮಾತುಕತೆ ಮೇಲೆ ಕೆಳಗೆ ಮಾತ್ರ ಹರಿಯುವಂಥದ್ದು. ಸುತ್ತೋಲೆ ಇಳಿದು ಬರುತ್ತದೆ, ಮಾಹಿತಿ ನಮೂನೆ ಏರಿ ಹೋಗುತ್ತದೆ. ಬೀದರಿನ ಶಿಕ್ಷಕಿ ಚಾಮರಾಜನಗರದ ಶಿಕ್ಷಕರನ್ನು ಯಾರ ಅಪ್ಪಣೆಯೂ ಇಲ್ಲದೆ ಕೇಳಬಹುದಾದ ದಾರಿಯನ್ನು ಗುಂಪು ತೆರೆಯಿತು. ಈ ಸಮಾನತೆಯೇ ಅದರ ನಿಜವಾದ ಹೊಸತನ, ಇ-ಮೇಲ್ ನಿಮಿತ್ತ ಮಾತ್ರ.

ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನದ ನೆರವಿನಲ್ಲಿ, ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ 2011ರಲ್ಲಿ ವೇದಿಕೆಯನ್ನು ಆರಂಭಿಸಿದವು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದವರು ಮೊದಲು ಸೇರಿದರು. ಭಾಷಾ ಶಿಕ್ಷಕರು, ಮುಖ್ಯ ಶಿಕ್ಷಕರು ಆಮೇಲೆ. ಉಬುಂಟು, ಜಿಯೋಜಿಬ್ರಾದಂಥ ಮುಕ್ತ ತಂತ್ರಾಂಶಗಳನ್ನು ಕಲಿಸುವ ತರಬೇತಿಯಲ್ಲೇ ಶಿಕ್ಷಕರನ್ನು ಗೂಗಲ್ ಗ್ರೂಪ್‌ಗೆ ಸೇರಿಸಲಾಗುತ್ತಿತ್ತು. ಹೀಗಾಗಿ ತರಬೇತಿ ಮುಗಿದು ಊರಿಗೆ ಮರಳಿದ ಮೇಲೂ ಮಾತು ನಿಲ್ಲಲಿಲ್ಲ.

ಚರ್ಚೆಯ ಬಗೆಯನ್ನು ಹೀಗೆ ಊಹಿಸಿಕೊಳ್ಳಬಹುದು. ಕೊನೆಯಿಲ್ಲದ 0.999… ಎಂಬ ಸಂಖ್ಯೆ 1ಕ್ಕೆ ಸಮ ಎಂದರೆ ಮಕ್ಕಳು ಒಪ್ಪುತ್ತಿಲ್ಲ, ಏನು ಮಾಡಲಿ ಎಂದು ಒಬ್ಬರು ಕೇಳುತ್ತಾರೆ. ಹತ್ತರಿಂದ ಗುಣಿಸಿ ಮೂಲ ಸಂಖ್ಯೆಯನ್ನು ಕಳೆಯಿರಿ, 9 ಉಳಿಯುತ್ತದೆ, ಅದನ್ನು 9ರಿಂದ ಭಾಗಿಸಿ ಎಂದು ಒಬ್ಬರ ಸಲಹೆ. ಬೀಜಗಣಿತ ಬೇಡ, ಮೂರನೇ ಒಂದು 0.333… ಎಂದು ಮಕ್ಕಳು ಆಗಲೇ ಒಪ್ಪಿದ್ದಾರಲ್ಲ, ಅದನ್ನೇ ಮೂರರಿಂದ ಗುಣಿಸಲು ಹೇಳಿ ಎಂದು ಇನ್ನೊಬ್ಬರು. ಎರಡೂ ಸರಿ. ಆದರೆ ಎರಡನೆಯದು ತರಗತಿಯಲ್ಲಿ ಬೆವರು ಸುರಿಸಿದವರಿಗೆ ಬೇಗ ಹೊಳೆಯುವಂಥದ್ದು.

ತೊಂದರೆಗಳೂ ಇವೆ. ಒಬ್ಬರಿಗೆ ಬರೆದ ‘ಧನ್ಯವಾದಗಳು ಸರ್’ ಎಲ್ಲರ ಪೆಟ್ಟಿಗೆಗೂ ಬೀಳುತ್ತದೆ. ವರ್ಗಾವಣೆ, ವೇತನ ಬಡ್ತಿ, ಹಬ್ಬದ ಶುಭಾಶಯಗಳ ಗದ್ದಲದಲ್ಲಿ ಪಾಠದ ಪ್ರಶ್ನೆ ಮುಳುಗಿಹೋಗಬಹುದು. ಗುಂಪು ನೋಡಿಕೊಳ್ಳುವವರು ಆಗಾಗ ಕಿವಿ ಹಿಂಡಲೇಬೇಕು. ವಿಷಯದ ಸಾಲಿನಲ್ಲಿ ಬರೀ ‘ಸಹಾಯ ಬೇಕು’ ಎಂದಿದ್ದರೆ ಆರು ತಿಂಗಳ ನಂತರ ಹುಡುಕುವವರಿಗೆ ಅದು ಸಿಗುವುದಿಲ್ಲ; ‘9ನೇ ತರಗತಿ ಗಣಿತ, ಬಹುಪದೋಕ್ತಿ’ ಎಂದಿದ್ದರೆ ಸಿಗುತ್ತದೆ. ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕಿತ್ತು. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪಿಸಿದ ಪ್ರಶ್ನೆಪತ್ರಿಕೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತಿತ್ತು. ಪಿಡಿಎಫ್ ಮಾಡಿ ಕಳಿಸಿದರೆ ಓದಬಹುದು, ತಿದ್ದಲಾಗದು. ಯುನಿಕೋಡ್ ಬಳಕೆ ಹರಡಿದಂತೆ ಇದು ಕಡಿಮೆಯಾಯಿತು.

ವಾಟ್ಸ್‌ಆ್ಯಪ್ ಬಳಕೆ ಹರಡಿದ ಮೇಲೆ ಮಾತುಕತೆಯ ದೊಡ್ಡ ಪಾಲು ಅತ್ತ ಸರಿಯಿತು. ಅಲ್ಲಿ ಉತ್ತರ ಬೇಗ ಬರುತ್ತದೆ. ಆದರೆ ಬಹುಕಾಲ ಒಂದು ಗುಂಪಿಗೆ 256 ಜನರ ಮಿತಿಯಿದ್ದುದರಿಂದ ರಾಜ್ಯದ ಒಂದು ಗುಂಪು ಜಿಲ್ಲೆ, ತಾಲ್ಲೂಕುಗಳಾಗಿ ಒಡೆಯಿತು. ಹೊಸದಾಗಿ ಸೇರಿದವರಿಗೆ ಹಿಂದಿನ ಚರ್ಚೆ ಸಾಮಾನ್ಯವಾಗಿ ಕಾಣುವುದಿಲ್ಲ. ಇ-ಮೇಲ್ ಗುಂಪಿನ ಕಡತವಾದರೋ ನಿನ್ನೆ ನೇಮಕವಾದವರಿಗೂ ತೆರೆದಿರುತ್ತದೆ, ಸೇವೆ ಉಳಿದಿರುವ ತನಕ. ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಅದಕ್ಕೆ ಮುಂಚೆ, ಕೊಟ್ಟ ಗಡುವಿನೊಳಗೆ ಇಳಿಸಿಕೊಳ್ಳದಿದ್ದ ಗುಂಪುಗಳು ವರ್ಷಗಟ್ಟಲೆಯ ಪತ್ರಗಳನ್ನು ಕಳೆದುಕೊಂಡವು. ಇ-ಮೇಲ್ ಕಡತವನ್ನಷ್ಟೇ ನೆಚ್ಚದೆ ಸಾಮಗ್ರಿ ಉಳಿಸುವ ದಾರಿಯೂ ಇದೆ. ಎಸ್‌ಟಿಎಫ್ ಜೊತೆಗೇ ಬೆಳೆದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣ, ಅಂದರೆ ಕೋಯರ್, ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶದ ಮೇಲೆಯೇ ನಿಂತಿದೆ. ಶಿಕ್ಷಕರು ತಯಾರಿಸಿದ ಸಾಮಗ್ರಿಯನ್ನು ವಿಷಯವಾರು, ಪಾಠವಾರು ಜೋಡಿಸಿಡಲು, ತಿದ್ದಿ ಬೆಳೆಸಲು ಅಲ್ಲಿ ಅವಕಾಶವಿದೆ.