ಗೋದಾಮಿನಿಂದ ಗ್ರಾಹಕರ ಮನೆಗೆ: ರವಾನೆ ಸೇವೆಗೆ ದರ ನಿಗದಿ ಹೇಗೆ?

ಹಲಸಿನ ಹಪ್ಪಳ, ಉಪ್ಪಿನಕಾಯಿ, ಅಡಿಕೆ ಹಾಳೆಯ ತಟ್ಟೆ ಮುಂತಾದವುಗಳನ್ನು ತಯಾರಿಸುವ ಮನೆಗಳು ಪೆರ್ಲದಂತಹ ನಮ್ಮ ಊರುಗಳಲ್ಲಿ ಅನೇಕ. ಇಂತಹ ಹಲವು ಮನೆಗಳ ಸರಕನ್ನು ಒಂದೆಡೆ ದಾಸ್ತಾನಿರಿಸಿ, ಆರ್ಡರ್ ಬಂದಂತೆ ತೆಗೆದು, ಕಟ್ಟಿ, ದೂರದ ಗ್ರಾಹಕರಿಗೆ ಕಳುಹಿಸಿಕೊಡುವುದೂ ಒಂದು ಸೇವೆ. ಕನ್ನಡ ಮಾಧ್ಯಮದಲ್ಲಿ ಕಲಿತ ಮಕ್ಕಳು ಊರಿನಲ್ಲಿಯೇ ಇದ್ದು ನಡೆಸಬಹುದಾದ ಉದ್ಯೋಗವಿದು. ಆದರೆ ದರ ಕಡಿಮೆಯಾದರೆ ಸೇವೆಯೇ ಮುಚ್ಚಿಹೋಗುತ್ತದೆ. ಹೆಚ್ಚಾದರೆ ಹಪ್ಪಳ ಒತ್ತಿದ ತಾಯಂದಿರಿಗೆ ಏನೂ ಉಳಿಯುವುದಿಲ್ಲ.

ಬೆಲೆಯ ಲೆಕ್ಕ ಉತ್ಪಾದಕನ ಕೈಯಲ್ಲಿರಬೇಕೆಂಬುದು ನಮ್ಮ ನೆಲಕ್ಕೆ ಹೊಸ ಪಾಠವಲ್ಲ. ಅಡಿಕೆ ಧಾರಣೆ ಕುಸಿದಿದ್ದ ಕಾಲದಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕರ್ನಾಟಕ ಮತ್ತು ಕೇರಳಗಳ ಜಂಟಿ ಸಹಕಾರಿ ಸಂಸ್ಥೆಯಾಗಿ ಕ್ಯಾಂಪ್ಕೋ ರೂಪುಗೊಂಡುದರ ಹಿಂದೆಯೂ ಈ ಅರಿವಿತ್ತು.

ದರ ನಿಗದಿಯ ಮೊದಲ ನಿಯಮ: ಎಲ್ಲ ಕೆಲಸಗಳಿಗೂ ಸೇರಿಸಿ ಒಂದೇ ದರ ಹೇಳಬಾರದು. ಸರಕು ಸ್ವೀಕಾರ, ದಾಸ್ತಾನು, ಕಟ್ಟುವಿಕೆ, ಸಾಗಾಟ, ಮರಳಿ ಬಂದ ಸರಕಿನ ನಿರ್ವಹಣೆ – ಈ ಐದಕ್ಕೂ ಖರ್ಚು ಹುಟ್ಟುವ ಬಗೆ ಬೇರೆ ಬೇರೆ. ಮುಂದಿನ ಅಂಕಿಗಳು ಕೇವಲ ಉದಾಹರಣೆಗಾಗಿ.

ದಾಸ್ತಾನು: 1,000 ಘನ ಅಡಿಯ ಕೋಣೆಗೆ ಬಾಡಿಗೆ, ವಿದ್ಯುತ್, ವಿಮೆ ಸೇರಿ ತಿಂಗಳಿಗೆ 4,000 ರೂಪಾಯಿ ಖರ್ಚೆಂದುಕೊಳ್ಳೋಣ. ಘನ ಅಡಿಗೆ 4 ರೂಪಾಯಿ ಎಂದು ತೋರಬಹುದು. ಆದರೆ ಓಡಾಟದ ಜಾಗ ಕಳೆದರೆ ಉಪಯೋಗಕ್ಕೆ ಸಿಗುವುದು 500 ಘನ ಅಡಿ; ವರ್ಷದ ಸರಾಸರಿಯಲ್ಲಿ ತುಂಬಿರುವುದು 400 ಮಾತ್ರ. ಆಗ ನಿಜವಾದ ಖರ್ಚು 10 ರೂಪಾಯಿ. ಹಪ್ಪಳ ತಯಾರಾಗುವುದು ಹಲಸಿನ ಕಾಲದಲ್ಲಿ, ಮಾರಾಟ ವರ್ಷವಿಡೀ. ಆದುದರಿಂದ ಮಳೆಗಾಲದ ತೇವದಿಂದ ಸರಕನ್ನು ಕಾಪಾಡುವ ಖರ್ಚನ್ನೂ ಸೇರಿಸಬೇಕು.

ದುಡಿಮೆ: ದಿನಕ್ಕೆ 600 ರೂಪಾಯಿ ಕೂಲಿ ಪಡೆಯುವವರು ಎಂಟು ಗಂಟೆಯಲ್ಲಿ ಆರು ಗಂಟೆ ಮಾತ್ರ ಕಟ್ಟುವ ಕೆಲಸದಲ್ಲಿರುತ್ತಾರೆ. ಅಂದರೆ ಗಂಟೆಗೆ 100 ರೂಪಾಯಿ. ಒಂದು ಆರ್ಡರಿಗೆ ಆರು ನಿಮಿಷ ಬೇಕಾದರೆ 10 ರೂಪಾಯಿ. ಪೆಟ್ಟಿಗೆ, ಟೇಪು, ವಿಳಾಸದ ಚೀಟಿಗೆ 14. ಈ 24 ರೂಪಾಯಿಗೆ ಹಾನಿ, ಲಾಭಗಳಿಗೆಂದು ಶೇ. 20 ಸೇರಿಸಿದರೆ ಸುಮಾರು 29. ದುಡಿಯುವವರು ಮನೆಯವರೇ ಆದರೂ ಕೂಲಿಯನ್ನು ಸೊನ್ನೆಯೆಂದು ಬರೆಯಕೂಡದು. ಹಾಗೆ ಬರೆದ ದರ, ಹೊರಗಿನವರೊಬ್ಬರನ್ನು ಕೆಲಸಕ್ಕೆ ಇಟ್ಟುಕೊಂಡ ದಿನವೇ ಮುರಿದುಬೀಳುತ್ತದೆ.

ಸಾಗಾಟ: ಇದನ್ನು ತಗಲಿದಷ್ಟೇ ಪ್ರತ್ಯೇಕವಾಗಿ ವಸೂಲು ಮಾಡುವುದು ಲೇಸು. ಅನೇಕ ಕೊರಿಯರ್ ಸಂಸ್ಥೆಗಳು ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, 5,000ದಿಂದ ಭಾಗಿಸಿ ಬಂದ ತೂಕವನ್ನು ನಿಜವಾದ ತೂಕದೊಂದಿಗೆ ಹೋಲಿಸಿ, ಹೆಚ್ಚಿನದಕ್ಕೆ ದರ ವಿಧಿಸುತ್ತವೆ. 30×25×20 ಅಳತೆಯ ಪೆಟ್ಟಿಗೆಯಲ್ಲಿ ಒಂದೇ ಕಿಲೋ ಹಪ್ಪಳವಿದ್ದರೂ ಮೂರು ಕಿಲೋ ಲೆಕ್ಕ. ಆದುದರಿಂದ ಸರಕಿಗೆ ಒಪ್ಪುವ ಪೆಟ್ಟಿಗೆಯನ್ನು ಆರಿಸುವುದೇ ಉಳಿತಾಯ. ಅಂಚೆ ಇಲಾಖೆಯ ಸ್ಪೀಡ್ ಪೋಸ್ಟ್ ದರವು ತೂಕ ಮತ್ತು ದೂರವನ್ನು ಅವಲಂಬಿಸಿದೆ, ರಾಜ್ಯದ ಗಡಿಯನ್ನಲ್ಲ. ಗಡಿಯಾಚೆಯ ವಿಟ್ಲ, ಪುತ್ತೂರುಗಳಿಗೆ ಕಳುಹಿಸುವ ನಮಗೆ ಇದು ಗಮನಾರ್ಹ.

ತೆರಿಗೆ: ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಅಗತ್ಯ. ಕೃಷಿ ಉತ್ಪನ್ನಗಳ ದಾಸ್ತಾನಿಗೆ ವಿನಾಯಿತಿಯಿದೆ. ಸಂಸ್ಕರಿಸಿದ ಸರಕುಗಳ ದಾಸ್ತಾನು ಸೇವೆಗೆ ಶೇ. 18 ತೆರಿಗೆ. ಹಪ್ಪಳಕ್ಕೆ ತೆರಿಗೆಯಿಲ್ಲದಿದ್ದರೂ ಅದನ್ನಿರಿಸುವ ಸೇವೆಗೆ ತೆರಿಗೆ ಬೀಳಬಹುದೆಂಬುದನ್ನು ತಯಾರಕರು ಮೊದಲೇ ತಿಳಿದಿರಬೇಕು.

ದರಪಟ್ಟಿಯನ್ನು ಬಾಯಿಮಾತಿನಲ್ಲಿ ಬಿಡದೆ ಕನ್ನಡದಲ್ಲಿ ಬರೆದು ಕೊಡಬೇಕು. ಮರಳಿ ಬಂದ ಸರಕಿನ ಖರ್ಚು ಯಾರದು, ಒಡೆದರೆ ಹೊಣೆ ಯಾರದು, ದರ ಯಾವಾಗ ಬದಲಾಗುತ್ತದೆ ಎಂಬುದು ಅದರಲ್ಲಿ ಸ್ಪಷ್ಟವಾಗಿರಲಿ. ಘನಫಲ, ಸರಾಸರಿ, ಶೇಕಡಾ – ಇದಕ್ಕೆ ಬೇಕಾದುದು ಇಷ್ಟೇ ಗಣಿತ; ಅದು ನಮ್ಮ ಶಾಲೆಗಳ ಕನ್ನಡ ಪಠ್ಯದಲ್ಲಿಯೇ ಇದೆ. ಹೆತ್ತವರು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಮ್ಮ ಮನೆಯ ಒಂದು ಪೆಟ್ಟಿಗೆಯ ಲೆಕ್ಕವನ್ನು ಬರೆಯಿಸಿ ನೋಡಲಿ.