ಹೊಸೂರು ರಸ್ತೆ: ಮೊದಲು ಮೇಲುರಸ್ತೆ, ಕೊನೆಗೆ ರೈಲು

ಬೆಂಗಳೂರಿನಿಂದ ತಮಿಳುನಾಡಿನ ಕಡೆಗೆ ಹೊರಡುವ ಹೊಸೂರು ರಸ್ತೆ ಹಳೆಯ ಹೆದ್ದಾರಿ. ಆಡುಗೋಡಿ, ಮಡಿವಾಳ, ಬೊಮ್ಮನಹಳ್ಳಿಗಳನ್ನು ದಾಟಿ ಅತ್ತಿಬೆಲೆಯ ಗಡಿ ಸೇರುವ ಈ ದಾರಿಗೆ ಮೊದಲು ರಾಷ್ಟ್ರೀಯ ಹೆದ್ದಾರಿ 7 ಎಂಬ ಹೆಸರಿತ್ತು. ಈಗ ಅದು 44. ದೂರದ ಊರುಗಳ ಲಾರಿ, ಬಸ್ಸುಗಳ ದಾರಿಯಾಗಿದ್ದ ಇದು ನಗರದ ನೌಕರರ ದಿನನಿತ್ಯದ ರಸ್ತೆಯಾದದ್ದು ಹೇಗೆ? ಅದರ ಭಾರ ಇಳಿಸುವ ಪ್ರಯತ್ನಗಳು ಯಾವ ಕ್ರಮದಲ್ಲಿ ಬಂದವು? ಉತ್ತರ ಸುಮಾರು ಐದು ದಶಕಗಳ ಇತಿಹಾಸದಲ್ಲಿದೆ.

ಕಥೆ ಶುರುವಾಗುವುದು 1978ರಲ್ಲಿ. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ ಜಮೀನಿನಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಗೆ ಅಡಿಪಾಯ ಹಾಕಿತು. ಸಂಸ್ಥೆಯ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗ ಅವರ ಕನಸದು. ಆಗ ಅದು ನಗರದ ಹೊರಗಿನ ಹೊಲಗದ್ದೆಗಳ ಪ್ರದೇಶ. 1990ರ ದಶಕದಲ್ಲಿ ಸಾಫ್ಟ್‌ವೇರ್ ಕಂಪನಿಗಳು ಬಂದವು. ಬೊಮ್ಮಸಂದ್ರ, ಜಿಗಣಿಗಳಲ್ಲಿ ಕಾರ್ಖಾನೆಗಳು ಬೆಳೆದವು. ಕೆಲಸ ಒಂದು ಕಡೆ, ಮನೆ ಇನ್ನೊಂದು ಕಡೆ. ನಡುವೆ ಇದ್ದದ್ದು ಮುಖ್ಯವಾಗಿ ಈ ಒಂದೇ ರಸ್ತೆ.

ರೈಲಿನ ಆಲೋಚನೆ ನಗರಕ್ಕೆ ಹೊಸದೇನೂ ಆಗಿರಲಿಲ್ಲ. 1980ರ ದಶಕದ ಆರಂಭದಲ್ಲೇ ಬೆಂಗಳೂರಿಗೆ ಮೆಟ್ರೊ ಮತ್ತು ವರ್ತುಲ ರೈಲಿನ ಪ್ರಸ್ತಾವಗಳು ಸಿದ್ಧವಾಗಿದ್ದವು. ಅವು ಕಡತದಲ್ಲೇ ಉಳಿದವು. ಅತ್ತ ಬೈಯಪ್ಪನಹಳ್ಳಿಯಿಂದ ಹೊಸೂರಿಗೆ ಹೋಗುವ ರೈಲು ಹಳಿ ಎಲೆಕ್ಟ್ರಾನಿಕ್ಸ್ ಸಿಟಿಯ ಪೂರ್ವಕ್ಕೆ ಕೆಲವೇ ಕಿ.ಮೀ. ದೂರದಲ್ಲಿ, ಹೀಲಲಿಗೆ ನಿಲ್ದಾಣದ ಮೂಲಕ ಹಾದುಹೋಗುತ್ತಿದ್ದರೂ ನಿತ್ಯದ ನೌಕರರನ್ನು ಹೊತ್ತೊಯ್ಯುವ ನಗರ ರೈಲಾಗಿ ಅದು ಬೆಳೆಯಲಿಲ್ಲ.

ಮೊದಲು ಬಂದದ್ದು ಮೇಲುರಸ್ತೆ. ಸಿಲ್ಕ್ ಬೋರ್ಡ್ ಕಡೆಯಿಂದ ಎಲೆಕ್ಟ್ರಾನಿಕ್ಸ್ ಸಿಟಿವರೆಗೆ ಸುಮಾರು 10 ಕಿ.ಮೀ. ಉದ್ದದ, ಸುಂಕ ಕೊಟ್ಟು ಸಾಗಬೇಕಾದ ಈ ನಾಲ್ಕು ಪಥದ ರಸ್ತೆ 2010ರ ಜನವರಿಯಲ್ಲಿ ತೆರೆಯಿತು. ಮೇಲೆ ಹತ್ತಿದವರಿಗೆ ಪಯಣ ಸಲೀಸಾಯಿತು ನಿಜ. ಆದರೆ ರಸ್ತೆ ಎಲ್ಲಿ ಇಳಿಯುತ್ತದೆಯೋ ಅಲ್ಲಿ ವಾಹನಗಳು ಮತ್ತೆ ಒಟ್ಟುಗೂಡಲೇಬೇಕು. ಹೊರವರ್ತುಲ ರಸ್ತೆಯೂ ಬಂದು ಕೂಡುವ ಸಿಲ್ಕ್ ಬೋರ್ಡ್ ವೃತ್ತ ಹೀಗೆ ದಟ್ಟಣೆಯ ಮತ್ತೊಂದು ಹೆಸರಾಯಿತು. ಅದೂ ಅಲ್ಲದೆ, ಹೆದ್ದಾರಿಯ ನಡುವಿನ ಜಾಗವನ್ನು ಮೇಲುರಸ್ತೆಯ ಕಂಬಗಳು ಹಿಡಿದುಕೊಂಡವು. ಮುಂದೆ ಮೆಟ್ರೊ ಬಂದಾಗ ಅದರ ಕಂಬಗಳಿಗೆ ಪಕ್ಕದಲ್ಲಿ ಜಾಗ ಹುಡುಕಬೇಕಾಯಿತು.

ಸಾರಿಗೆ ತಜ್ಞರು 'ಬಹುಮಾದರಿ ಯೋಜನೆ' ಎನ್ನುವುದು ಇಂಥ ಕಡೆಗೇ ಬೇಕಾಗುತ್ತದೆ. ರಸ್ತೆ, ಬಸ್ಸು, ರೈಲು, ಕಾಲುದಾರಿ ಇವನ್ನು ಬೇರೆ ಬೇರೆ ಕಾಮಗಾರಿಗಳೆಂದು ನೋಡದೆ, ಒಂದೇ ದಾರಿಯ ಪಾಲುದಾರರೆಂದು ಇಪ್ಪತ್ತು ಮೂವತ್ತು ವರ್ಷ ಮುಂದಿಟ್ಟು ಯೋಚಿಸುವುದೇ ಅದರ ತಿರುಳು. ರಸ್ತೆಯನ್ನಷ್ಟೇ ಅಗಲ ಮಾಡಿದರೆ ಸಿಕ್ಕ ಜಾಗಕ್ಕೆ ಹೊಸ ವಾಹನಗಳು ಬಂದು ಸೇರುತ್ತವೆ. ಜನರಿಗೆ ಬೇರೆ ದಾರಿ ಕೊಟ್ಟರೆ ಮಾತ್ರ ಭಾರ ಹಂಚಿಹೋಗುತ್ತದೆ.

ಹೊಸೂರು ರಸ್ತೆಗೆ ಆ ಬೇರೆ ದಾರಿ ಬರಲು ಇನ್ನೂ ಹದಿನೈದು ವರ್ಷ ಹಿಡಿಯಿತು. ನಗರದ ಮೊದಲ ಮೆಟ್ರೊ 2011ರ ಅಕ್ಟೋಬರ್ 20ರಂದು ಓಡಿದ್ದು ಬೈಯಪ್ಪನಹಳ್ಳಿ ಮತ್ತು ಎಂ.ಜಿ. ರಸ್ತೆಯ ನಡುವೆ. ಹೊಸೂರು ರಸ್ತೆಯ ಮಾರ್ಗ ಎರಡನೇ ಹಂತದಲ್ಲಿ ಸೇರಿತು. ಆ ಹಂತಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿ.ಮೀ., 16 ನಿಲ್ದಾಣಗಳ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ಹಳಿ ಸಿದ್ಧವಾದರೂ ಬೋಗಿಗಳು ಬರುವುದು ತಡವಾದ್ದರಿಂದ ಆರಂಭದಲ್ಲಿ ಮೂರೇ ರೈಲುಗಳು, 25 ನಿಮಿಷಕ್ಕೊಂದರಂತೆ ಓಡಿದವು. ರೈಲುಗಳು ಸೇರಿದಂತೆ ಅಂತರ ತಗ್ಗುತ್ತ ಬಂತು.

ಈ ಮಾರ್ಗದಲ್ಲೇ ಮೊದಲೇ ಕೂಡಿ ಯೋಚಿಸಿದ ಉದಾಹರಣೆಯೂ ಒಂದಿದೆ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುಮಾರು 3 ಕಿ.ಮೀ. ಉದ್ದಕ್ಕೂ ಒಂದೇ ಸಾಲಿನ ಕಂಬಗಳ ಮೇಲೆ ಎರಡು ಅಂತಸ್ತು: ಕೆಳಗೆ ವಾಹನಗಳ ರಸ್ತೆ, ಅದರ ಮೇಲೆ ಮೆಟ್ರೊ. ಅಲ್ಲಿನ ರಸ್ತೆಯ ಒಂದು ಬದಿ 2024ರ ಜುಲೈನಲ್ಲಿ ಸಂಚಾರಕ್ಕೆ ತೆರೆಯಿತು. ಸಿಲ್ಕ್ ಬೋರ್ಡ್‌ನ ಈಚೆ ಸಾಧ್ಯವಾದದ್ದು ಆಚೆ ಆಗಲಿಲ್ಲ. ಏಕೆಂದರೆ ಆಚೆ ಮೇಲುರಸ್ತೆ ಒಂಟಿಯಾಗಿ ಮೊದಲೇ ಎದ್ದು ನಿಂತಿತ್ತು.

ಎಲ್ಲವನ್ನೂ ಒಟ್ಟಿಗೆ ನೋಡಬೇಕಾದವರು ಯಾರು? ಹೆದ್ದಾರಿ, ಮೆಟ್ರೊ, ಬಸ್ಸು, ರೈಲು ಒಂದೊಂದಕ್ಕೂ ಒಂದೊಂದು ಸಂಸ್ಥೆ. ಇವನ್ನು ಹೊಂದಿಸಲೆಂದು ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರವನ್ನು 2007ರಲ್ಲಿ ಸರ್ಕಾರಿ ಆದೇಶದಿಂದ ರಚಿಸಲಾಯಿತು. ಅದಕ್ಕೆ ಕಾಯ್ದೆಯ ಬಲ ದೊರೆತದ್ದು 2022ರಲ್ಲಿ ರೂಪುಗೊಂಡ ಶಾಸನದಿಂದ. ಆ ವೇಳೆಗೆ ಮೇಲುರಸ್ತೆಗೆ ಹನ್ನೆರಡು ವರ್ಷ ತುಂಬಿತ್ತು. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಇಲ್ಲಿ ನೆನಪಾಗದೆ ಇರದು.

ಹಾಗೆಂದು ಕೆಲಸ ಮುಗಿದಿಲ್ಲ. 2020ರಲ್ಲಿ ಕೇಂದ್ರ ಸಂಪುಟ ಒಪ್ಪಿದ 148 ಕಿ.ಮೀ. ಉಪನಗರ ರೈಲು ಯೋಜನೆಯಲ್ಲಿ ಹೀಲಲಿಗೆಯಿಂದ ರಾಜಾನುಕುಂಟೆಗೆ ಹೋಗುವ 'ಕನಕ' ಮಾರ್ಗವೂ ಇದೆ. ಆ ರೈಲು ಓಡಲು ಶುರುವಾದ ದಿನ ಹೀಲಲಿಗೆಯಲ್ಲಿ ಇಳಿದವರಿಗೆ ಎಲೆಕ್ಟ್ರಾನಿಕ್ಸ್ ಸಿಟಿಗೋ ಬೊಮ್ಮಸಂದ್ರಕ್ಕೋ ಬಸ್ಸು ಕಾದಿರುತ್ತದೆಯೇ, ಅಥವಾ ಅದಕ್ಕೂ ಇನ್ನೊಂದು ದಶಕ ಬೇಕೇ? ಹೊಸೂರು ರಸ್ತೆಯ ಪಾಠ ಕಲಿತಿದ್ದೇವೆಯೇ ಎಂಬುದು ಅಲ್ಲಿ ತಿಳಿಯಲಿದೆ.