ಚೀಟಿ, ಬಡ್ಡಿ ಮತ್ತು ಮಿನಿಯಾಪೊಲಿಸ್‌ನ ಸೊಮಾಲಿ ಅಂಗಡಿಗಳು

ಚೀಟಿ ವ್ಯವಹಾರ ಗೊತ್ತಿಲ್ಲದ ಕನ್ನಡಿಗರು ಕಡಿಮೆ. ಇಪ್ಪತ್ತು ಜನ ಸೇರಿ ತಿಂಗಳಿಗಿಷ್ಟು ಅಂತ ಹಾಕುವುದು, ಜರೂರಿದ್ದವರು ಕೂಗಿ ಎತ್ತಿಕೊಳ್ಳುವುದು. ಮಗಳ ಮದುವೆ, ಸೈಟು, ಅಂಗಡಿಯ ಅಡ್ವಾನ್ಸು... ಎಷ್ಟೋ ಮನೆಗಳಲ್ಲಿ ಬ್ಯಾಂಕಿಗಿಂತ ಮೊದಲು ಕೈ ಹಿಡಿದಿದ್ದು ಇದೇ. ಆಫ್ರಿಕಾದಲ್ಲೂ ಇದು ಉಂಟು. ಇಥಿಯೋಪಿಯಾದವರು ಇಕುಬ್ ಅಂತಾರೆ, ಘಾನಾದವರು ಸುಸು ಅಂತಾರೆ, ಸೊಮಾಲಿಗಳು ಹಗ್‌ಬದ್ ಅಥವಾ ಅಯೂತೊ ಅಂತಾರೆ. ಈ ಜನ ಅಮೆರಿಕಾಕ್ಕೆ ಹೋದಾಗ ಚೀಟಿಯೂ ಜೊತೆಗೇ ಹೋಯಿತು. ಅಮೆರಿಕಾದ ಮಿನಿಯಾಪೊಲಿಸ್ ಊರಿನ ಸೊಮಾಲಿ ಅಂಗಡಿಗಳ ಕಥೆ ಶುರುವಾಗುವುದು ಇಲ್ಲಿಂದಲೇ.

1991ರ ಜನವರಿಯಲ್ಲಿ ಸೊಮಾಲಿಯಾದಲ್ಲಿ ಸಿಯಾದ್ ಬಾರೆಯ ಸರ್ಕಾರ ಬಿತ್ತು. ಅಂತರ್ಯುದ್ಧಕ್ಕೆ ಹೆದರಿ ಲಕ್ಷಾಂತರ ಜನ ದೇಶ ಬಿಟ್ಟರು. ಅವರಲ್ಲಿ ಹಲವರು ಬಂದು ಸೇರಿದ್ದು ಹಿಮ ಬೀಳುವ ಮಿನಸೋಟಾ ರಾಜ್ಯಕ್ಕೆ. ಯಾಕೆ ಅಲ್ಲಿಗೆ ಅಂತೀರಾ? ನಿರಾಶ್ರಿತರಿಗೆ ನೆಲೆ ಕೊಡಿಸುವ ಸಂಸ್ಥೆಗಳು ಅಲ್ಲಿ ಗಟ್ಟಿಯಾಗಿದ್ದವು. ಇಂಗ್ಲಿಷ್ ಬಾರದಿದ್ದರೂ ಮಾಂಸ ಸಂಸ್ಕರಣೆಯ ಕಾರ್ಖಾನೆಗಳಲ್ಲಿ ಕೆಲಸ ಸಿಗುತ್ತಿತ್ತು. ನಾಲ್ಕು ಜನ ನೆಲೆಯಾದ ಮೇಲೆ ನೆಂಟರಿಷ್ಟರು ಹಿಂದೆಯೇ ಬಂದರು.

ಅವರು ಹೆಚ್ಚಾಗಿ ನೆಲೆಸಿದ್ದು ಸೀಡರ್-ರಿವರ್‌ಸೈಡ್ ಬಡಾವಣೆಯಲ್ಲಿ. ಈ ಜಾಗದ ಗುಣವೇ ಹಾಗೆ, ಹೊಸಬರನ್ನು ಸೇರಿಸಿಕೊಳ್ಳುವುದು. ಹತ್ತೊಂಬತ್ತನೇ ಶತಮಾನದ ಕೊನೆಗೆ ಇಲ್ಲಿದ್ದವರು ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ಗಳಿಂದ ಬಂದ ಕೂಲಿಕಾರರು. ಡೇನಿಷ್ ಜನ 1886ರಲ್ಲಿ ಕಟ್ಟಿಕೊಂಡ ಡಾನಿಯಾ ಹಾಲ್ 2000ದಲ್ಲಿ ಬೆಂಕಿಗೆ ಆಹುತಿಯಾಗುವವರೆಗೂ ಸೀಡರ್ ಅವೆನ್ಯೂದಲ್ಲಿ ನಿಂತಿತ್ತು.

ಕೂಲಿ ಮಾಡಿ ಉಳಿಸಿದ್ದು, ಹಗ್‌ಬದ್‌ನಲ್ಲಿ ಎತ್ತಿದ್ದು ಸೇರಿಸಿ ಸೊಮಾಲಿಗಳು ಅಂಗಡಿ ಇಟ್ಟರು. ಒಬ್ಬೊಬ್ಬರೇ ರಸ್ತೆಗೆ ಮುಖ ಮಾಡಿದ ಮಳಿಗೆ ಹಿಡಿಯುವಷ್ಟು ದುಡ್ಡಿರಲಿಲ್ಲ. ಹಾಗಾಗಿ ಒಂದೇ ಸೂರಿನ ಕೆಳಗೆ ಪುಟ್ಟ ಪುಟ್ಟ ಮಳಿಗೆಗಳ ಮಾಲ್‌ಗಳು ಹುಟ್ಟಿದವು. ಲೇಕ್ ಸ್ಟ್ರೀಟಿನ ಹತ್ತಿರದ ಕಾರ್ಮೆಲ್ ಮಾಲ್ ಇವುಗಳಲ್ಲಿ ಹೆಸರುವಾಸಿ. ಮಾಲ್ ಅಂದ ತಕ್ಷಣ ಗಾಜು, ಎಸ್ಕಲೇಟರ್ ನೆನೆಸಿಕೊಳ್ಳಬೇಡಿ. ನಮ್ಮ ಚಿಕ್ಕಪೇಟೆಯ ಓಣಿಗೆ ಸೂರು ಹಾಕಿದ ಹಾಗೆ ಅಂದುಕೊಳ್ಳಿ. ಬಟ್ಟೆ, ಚಿನ್ನ, ಮೆಹಂದಿ, ದರ್ಜಿ, ಊರಿಗೆ ದುಡ್ಡು ಕಳಿಸುವ ಕೌಂಟರು, ಏಲಕ್ಕಿ ಚಹಾ, ನಮ್ಮ ಸಮೋಸಾದ ದಾಯಾದಿಯಾದ ಸಂಬೂಸಾ. ಬಹಳಷ್ಟು ಮಳಿಗೆಗಳ ಒಡತಿಯರು ಹೆಂಗಸರು.

ತೊಡಕು ಇರುವುದು ಇದರ ಮುಂದೆ. ನಮ್ಮ ಕೂಗುವ ಚೀಟಿಯಲ್ಲಿ ಬೇಗ ಎತ್ತಿದವನಿಗೆ ಕಡಿಮೆ ಸಿಗುತ್ತದೆ, ಆ ವ್ಯತ್ಯಾಸ ಉಳಿದವರಿಗೆ ಹಂಚಿಕೆಯಾಗುತ್ತದೆ. ಬೇರೆ ಹೆಸರಿನ ಬಡ್ಡಿ ಅದು. ಹಗ್‌ಬದ್‌ನಲ್ಲಿ ಕೂಗಾಟವಿಲ್ಲ. ಸರದಿಯಂತೆ ಎಲ್ಲರಿಗೂ ಅಷ್ಟಕ್ಕಷ್ಟೇ. ಬಡ್ಡಿ ಧರ್ಮಕ್ಕೆ ವಿರುದ್ಧ ಅಂತ ನಂಬಿದ ಮುಸ್ಲಿಮರಿಗೆ ಇದು ಸರಿಹೊಂದುತ್ತದೆ. ಆದರೆ ಲೆಕ್ಕ ಹಾಕಿ ನೋಡಿ: ಇಪ್ಪತ್ತು ಜನ 200 ಡಾಲರ್ ಹಾಕಿದರೆ 4,000 ಡಾಲರ್. ಬಟ್ಟೆ ಮಳಿಗೆ ಶುರು ಮಾಡಬಹುದು, ಅಡುಗೆಮನೆಯೊಂದಿಗೆ ಹೋಟೆಲ್ ತೆರೆಯಲು ಆಗದು. ಬ್ಯಾಂಕಿಗೆ ಹೋದರೆ ಅಲ್ಲಿ ಬಡ್ಡಿ. ಜೊತೆಗೆ ಕ್ರೆಡಿಟ್ ಇತಿಹಾಸ ಎಲ್ಲಿ ಅನ್ನುವ ಪ್ರಶ್ನೆ.

ಈ ಗೋಡೆಗೆ ಬಾಗಿಲು ಕೊರೆದವರಲ್ಲಿ ಮುಖ್ಯರು ಹುಸೇನ್ ಸಮತಾರ್. ಅವರೂ ಯುದ್ಧದಿಂದ ತಪ್ಪಿಸಿಕೊಂಡು ಬಂದ ಸೊಮಾಲಿಯೇ. ವೆಲ್ಸ್ ಫಾರ್ಗೊ ಬ್ಯಾಂಕಿನಲ್ಲಿ ಕೆಲಸ ಮಾಡಿದ್ದರಿಂದ ಗೋಡೆಯ ಎರಡೂ ಕಡೆ ಗೊತ್ತಿತ್ತು. 2000ದ ದಶಕದ ಆರಂಭದಲ್ಲಿ ಅವರು ಸೀಡರ್-ರಿವರ್‌ಸೈಡ್‌ನಲ್ಲಿ ಆಫ್ರಿಕನ್ ಡೆವಲಪ್‌ಮೆಂಟ್ ಸೆಂಟರ್ ಕಟ್ಟಿದರು. ಅಂಗಡಿಯವರಿಗೆ ಲೆಕ್ಕ ಬರೆಯುವುದು, ಬಿಸಿನೆಸ್ ಪ್ಲಾನ್ ಮಾಡುವುದು ಕಲಿಸಿದರು. ಸಾಲದ ರೂಪವನ್ನೂ ಬದಲಿಸಿದರು. ಉದಾಹರಣೆಗೆ, ನಿಮಗೆ 10,000 ಡಾಲರಿನ ಒಲೆ ಬೇಕು ಅಂದುಕೊಳ್ಳಿ. ಸಂಸ್ಥೆಯೇ ಕೊಂಡು ನಿಮಗೆ 11,000ಕ್ಕೆ ಕಂತಿನಲ್ಲಿ ಮಾರುತ್ತದೆ. ಇದು ಬಡ್ಡಿಯಲ್ಲ, ಮೊದಲೇ ಹೇಳಿದ ಲಾಭ. ಮಿನಿಯಾಪೊಲಿಸ್ ನಗರಾಡಳಿತವೂ ತನ್ನ 2% ಬಡ್ಡಿಯ ಸಾಲದ ಪಕ್ಕದಲ್ಲಿ ಇಂಥದ್ದೊಂದು ಲಾಭದ ರೂಪದ ಯೋಜನೆಯನ್ನು ಈ ಸಂಸ್ಥೆಯ ಜೊತೆಗೂಡಿ ತಂದಿತು.

ಕಟ್ಟುವ ದುಡ್ಡು ಹೆಚ್ಚುಕಮ್ಮಿ ಅಷ್ಟೇ ಆಯಿತಲ್ಲ, ಹೆಸರು ತಾನೇ ಬದಲಾಗಿದ್ದು ಅಂತ ಕೇಳಬಹುದು. ಪ್ರಶ್ನೆ ಸರಿಯೇ. ಆದರೆ ನಮ್ಮ ಸಾಫ್ಟ್‌ವೇರಿನವರಿಗೆ ಗೊತ್ತು, ಎರಡು ಸಿಸ್ಟಮ್‌ಗಳು ಮಾತಾಡದಿದ್ದರೆ ಎರಡನ್ನೂ ಒಡೆದು ಕಟ್ಟುವುದಿಲ್ಲ, ನಡುವೆ ಒಂದು ಅಡಾಪ್ಟರ್ ಬರೆಯುತ್ತೇವೆ. ನಗರದ ಲೆಕ್ಕವೂ ಕೆಡಲಿಲ್ಲ, ಅಂಗಡಿಯವರ ನಂಬಿಕೆಯೂ ಕೆಡಲಿಲ್ಲ. ದಾನ ಕೊಟ್ಟಿದ್ದರೆ ಒಮ್ಮೆಗೆ ಮುಗಿಯುತ್ತಿತ್ತು. ಇಲ್ಲಿ ವಾಪಸು ಬಂದ ದುಡ್ಡು ಇನ್ನೊಂದು ಅಂಗಡಿಗೆ ಹೋಗುತ್ತದೆ.

ಇದು ಎಷ್ಟು ಅಗತ್ಯ ಅಂತ 2020 ತೋರಿಸಿತು. ಕೊರೋನಾದಿಂದ ವ್ಯಾಪಾರ ನಿಂತಿತ್ತು. ಮೇ 25ರಂದು ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತ ಮೇಲಿನ ದಿನಗಳಲ್ಲಿ ಲೇಕ್ ಸ್ಟ್ರೀಟ್ ಹೊತ್ತಿ ಉರಿಯಿತು. ವಲಸಿಗರ ಎಷ್ಟೋ ಅಂಗಡಿಗಳು ಹಾಳಾದವು. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ಕೊರೋನಾ ನೆರವು ಬಂದಿದ್ದು ಬ್ಯಾಂಕುಗಳ ಮೂಲಕ, ಅದೂ 1% ಬಡ್ಡಿಯ ಸಾಲವಾಗಿ. ಮತ್ತೆ ಅದೇ ಗೋಡೆ! ಬ್ಯಾಂಕಿನ ನಂಟು, ಬರೆದಿಟ್ಟ ಲೆಕ್ಕ ಇಲ್ಲದವರಿಗೆ ಅದು ದೂರವೇ ಉಳಿಯಿತು.

ಸಮತಾರ್ ಇದನ್ನು ನೋಡಲಿಲ್ಲ. 2010ರಲ್ಲಿ ಮಿನಿಯಾಪೊಲಿಸ್‌ನ ಶಾಲಾ ಮಂಡಳಿಗೆ ಚುನಾಯಿತರಾದ ಅವರು 2013ರಲ್ಲಿ ತೀರಿಕೊಂಡರು. ಹಿಂದೆ ಹೆದ್ದಾರಿಯ ಕಾರುಗಳು ಇಳಿದು ಹೋಗುತ್ತಿದ್ದ ರ‍್ಯಾಂಪ್ ಒಂದನ್ನು ನಗರ ಈಗ ನಡೆಯುವವರಿಗೆ, ಸೈಕಲ್ ತುಳಿಯುವವರಿಗೆ ಬಿಟ್ಟುಕೊಟ್ಟಿದೆ. ಸೀಡರ್-ರಿವರ್‌ಸೈಡನ್ನು ಪೇಟೆಗೆ ಜೋಡಿಸುವ ಆ ದಾರಿಯ ಹೆಸರು ಸಮತಾರ್ ಕ್ರಾಸಿಂಗ್.

ನಿಮ್ಮ ಕಡೆಯೂ ಚೀಟಿ ದುಡ್ಡಲ್ಲಿ ಎದ್ದ ಅಂಗಡಿಗಳಿರಬೇಕಲ್ಲ? ಅವು ಎರಡನೇ ಮೆಟ್ಟಿಲು ಹತ್ತಿದ್ದು ಹೇಗೆ, ಕೇಳಿ ನೋಡಿ.